ತೇಕುತ್ತಿರುವ ಮೈನಾ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಮೈನಾ ಕೊಕ್ಕು ತೆರೆದು ತೇಕತೊಡಗಿದರೆ ಮನೆಯವರ ಕೈ ಮೊದಲು ಹೋಗುವುದು ಔಷಧಿ ಡಬ್ಬಿಗೆ. ಅಂಗಡಿಯಲ್ಲಿ ಕೊಟ್ಟ ಹಳದಿ ಪುಡಿಯನ್ನು ನೀರಿಗೆ ಕದಡಿ ಎರಡು ದಿನ ಕಾದು ನೋಡುತ್ತಾರೆ. ಹಕ್ಕಿ ಕೈತಪ್ಪುವುದು ಆ ಎರಡು ದಿನದಲ್ಲೇ. ಹಣ್ಣು ತಿನ್ನುವ ಹಕ್ಕಿ ನೀರು ಕುಡಿಯುವುದು ಕಡಿಮೆ, ಬೇಕಾದ ತೇವವೆಲ್ಲ ಪಪ್ಪಾಯಿ, ಬಾಳೆಹಣ್ಣಿನಿಂದಲೇ ಸಿಕ್ಕಿಬಿಡುತ್ತದೆ. ನೀರಿಗೆ ಬೆರೆಸಿದ ಔಷಧಿ ಹೊಟ್ಟೆಗೆ ಎಷ್ಟು ಹೋಯಿತೋ ಲೆಕ್ಕ ಸಿಗುವುದಿಲ್ಲ. ಕಹಿ ತಾಗಿದರೆ ಕುಡಿಯುವ ಆ ನಾಲ್ಕು ಗುಟುಕನ್ನೂ ಅದು ಬಿಟ್ಟುಬಿಡುತ್ತದೆ. ಹಾಗಾಗಿ ದೋಷ ಎಲ್ಲಿದೆ ಎಂದು ತಿಳಿಯುವವರೆಗೆ ಔಷಧಿ ಬೇಡ. ಮೊದಲು ಬೇಕಾದದ್ದು ಗಡಿಯಾರ, ತಕ್ಕಡಿ ಮತ್ತು ಒಂದು ಹಾಳೆ ಬಿಳಿ ಕಾಗದ.

ಕಾಳು ಸುಲಿದು ತಿನ್ನದೆ ಹಣ್ಣು, ಹುಳ, ಮಕರಂದದ ಮೇಲೆ ಬದುಕುವ ಹಕ್ಕಿಗಳಿಗೆ ಸಾಕುವವರ ಮಾತಿನಲ್ಲಿ ಸಾಫ್ಟ್‌ಬಿಲ್ ಎಂದು ಹೆಸರು. ಮೈನಾ, ಸ್ಟಾರ್ಲಿಂಗ್, ಪಿಕಳಾರ, ಟೂಕನ್, ಟುರಾಕೊ ಎಲ್ಲವೂ ಇದರೊಳಗೆ ಬರುತ್ತವೆ. ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ. ಗೊರವಂಕ (ಮುಂಬಯಿ, ಪುಣೆಯ ಮರಾಠಿ ನೆರೆಯವರು ಸಾಳುಂಕಿ ಎನ್ನುವುದು ಇದಕ್ಕೇ), ಬೆಟ್ಟದ ಮೈನಾ, ಪಿಕಳಾರದಂಥ ನಮ್ಮ ನಾಡಿನ ಹಕ್ಕಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಗಾಯಗೊಂಡದ್ದು ಸಿಕ್ಕರೆ ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆಮಾಡಿ. ಹೊರದೇಶದ ಸ್ಟಾರ್ಲಿಂಗ್, ಟೂಕನ್ ಸಾಕುವವರೂ ತಮ್ಮ ಹಕ್ಕಿ ಸೈಟಿಸ್ (ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆಯೇ ಎಂದು ನೋಡಿ, ಇದ್ದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಷ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಟೋಕೋ ಟೂಕನ್ ಆ ಪಟ್ಟಿಯ ಎರಡನೇ ಅನುಬಂಧದಲ್ಲಿದೆ, ಬಾಲಿ ಮೈನಾ ಮೊದಲನೆಯದರಲ್ಲಿ. ಕಾಗದ ಸರಿಯಿದ್ದರೆ ಡಾಕ್ಟರ ಬಳಿ ಹೋಗಲು ಹಿಂಜರಿಕೆಯಿರುವುದಿಲ್ಲ. ಆ ಹಿಂಜರಿಕೆಯಿಂದಲೇ ಸಾಯುವ ಹಕ್ಕಿಗಳು ಬಹಳ.

ಹಿಡಿಯುವ ಮೊದಲು ನೋಡಿ

ತೇಕುವ ಹಕ್ಕಿಯನ್ನು ಕೂಡಲೇ ಕೈಗೆತ್ತಿಕೊಳ್ಳಬೇಡಿ. ಹಕ್ಕಿಗೆ ನಮ್ಮ ಹಾಗೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಇಲ್ಲ. ಎದೆಗೂಡು ಮುಂದಕ್ಕೆ ಹಿಂದಕ್ಕೆ ಆಡಿದರೆ ಮಾತ್ರ ಅದರ ಉಸಿರಾಟ. ಮುಷ್ಟಿಯಲ್ಲಿ ಎದೆ ಒತ್ತಿ ಹಿಡಿದರೆ ಅದು ಅಲ್ಲೇ ಉಸಿರುಗಟ್ಟುತ್ತದೆ. ಆರೇಳು ಅಡಿ ದೂರ ಕೂತು, ಅದರ ಕಣ್ಣಿಗೆ ಕಣ್ಣು ಕೊಡದೆ, ಬಾಲದ ಬುಡವನ್ನು ನೋಡಿ. 15 ಸೆಕೆಂಡಿನಲ್ಲಿ ಎಷ್ಟು ಉಸಿರು ಎಂದು ಎಣಿಸಿ ನಾಲ್ಕರಿಂದ ಗುಣಿಸಿ. 100ರಿಂದ 200 ಗ್ರಾಂ ತೂಗುವ ಹಕ್ಕಿ ಸುಮ್ಮನೆ ಕೂತಾಗ ನಿಮಿಷಕ್ಕೆ ಸುಮಾರು 35ರಿಂದ 50 ಸಲ ಉಸಿರಾಡುತ್ತದೆ, ಬಾಲ ಅಲುಗುವುದು ಕಾಣುವುದೇ ಇಲ್ಲ. ಪ್ರತಿ ಉಸಿರಿಗೂ ಬಾಲ ಕೈಪಂಪಿನ ಹಿಡಿಕೆಯಂತೆ ಮೇಲೆ ಕೆಳಗೆ ಆಡುತ್ತಿದ್ದರೆ ಅದು ಉಸಿರಿಗಾಗಿ ಹೆಣಗುತ್ತಿದೆ ಎಂದು ತಿಳಿಯಿರಿ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಹಕ್ಕಿ ಬೆವರುವುದಿಲ್ಲ. ಮುಂಬಯಿಯ ಅಕ್ಟೋಬರ್ ಧಗೆಯಲ್ಲಿ, ಪಡುವಣ ಬಿಸಿಲು ಬೀಳುವ ಬಾಲ್ಕನಿಯಲ್ಲಿ, ಗಟ್ಟಿಮುಟ್ಟಾದ ಹಕ್ಕಿಯೂ ರೆಕ್ಕೆಯನ್ನು ಮೈಯಿಂದ ದೂರ ಹಿಡಿದು ತೇಕುತ್ತದೆ. ಪಂಜರವನ್ನು ನೆರಳಿನ ಕೋಣೆಗೆ ತಂದು, ಸ್ನಾನದ ಬಟ್ಟಲಿಟ್ಟು, ಫ್ಯಾನಿನ ಗಾಳಿ ನೇರವಾಗಿ ತಾಗದಂತೆ ಹಾಕಿ. ಹತ್ತು ಹದಿನೈದು ನಿಮಿಷದಲ್ಲಿ ಕೊಕ್ಕು ಮುಚ್ಚಿದರೆ ಅದು ಸೆಕೆ. ಪುಣೆಯ ಡಿಸೆಂಬರ್ ಬೆಳಗಿನಲ್ಲೂ ತೇಕಿದರೆ ಅದು ರೋಗ.

ತಕ್ಕಡಿ

ಅಡುಗೆಮನೆಯ ಒಂದು ಗ್ರಾಂ ಲೆಕ್ಕದ ಡಿಜಿಟಲ್ ತಕ್ಕಡಿ ಸಾಕು. ಅದರ ಮೇಲೆ ಒಂದು ಕೂರುಗಡ್ಡಿಯ ಸ್ಟ್ಯಾಂಡ್ ಇಟ್ಟು, ಹುಳದ ಆಸೆ ತೋರಿಸಿ ಹತ್ತಿಸುವುದನ್ನು ಹಕ್ಕಿ ಚೆನ್ನಾಗಿರುವಾಗಲೇ ರೂಢಿ ಮಾಡಿಸಿ. ತೂಗುವುದು ಬೆಳಿಗ್ಗೆ, ಮೊದಲ ದೊಡ್ಡ ಹಿಕ್ಕೆ ಹಾಕಿದ ಮೇಲೆ, ತಿನ್ನುವ ಮೊದಲು. ಗೊರವಂಕ ಸುಮಾರು 110 ಗ್ರಾಂ, ಸುಪರ್ಬ್ ಸ್ಟಾರ್ಲಿಂಗ್ 65ರ ಆಸುಪಾಸು ತೂಗುತ್ತವೆ. ಆದರೆ ಪುಸ್ತಕದ ತೂಕಕ್ಕಿಂತ ನಿಮ್ಮ ಹಕ್ಕಿಯ ಮಾಮೂಲಿ ತೂಕ ಮುಖ್ಯ. ಅದರಲ್ಲಿ ನೂರಕ್ಕೆ ಐದು ಇಳಿದರೆ ದಿನಾ ತೂಗಿ, ಹತ್ತು ಇಳಿದರೆ ಅವತ್ತೇ ಡಾಕ್ಟರ ಬಳಿ ಹೋಗಿ. 65 ಗ್ರಾಂ ಹಕ್ಕಿಗೆ ಹತ್ತು ಶೇಕಡಾ ಎಂದರೆ ಆರೂವರೆ ಗ್ರಾಂ, ಒಂದು ಮುಷ್ಟಿ ಒಣದ್ರಾಕ್ಷಿಯಷ್ಟೂ ಅಲ್ಲ. ಗರಿಯುಬ್ಬಿಸಿ ಕೂತ ಹಕ್ಕಿಯಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ.

ತೂಕ ಏರಿದರೂ ಸಂತೋಷಪಡಬೇಡಿ. ಎದೆಯ ನಡುವಿನ ಮೂಳೆಯ ಮೇಲೆ ಬೆರಳಾಡಿಸಿ. ಎರಡೂ ಬದಿ ಮಾಂಸ ತುಂಬಿ, ನಡುವೆ ಸಣ್ಣ ಏಣು ಸಿಕ್ಕರೆ ಸರಿ. ಮೂಳೆ ಚಾಕುವಿನ ಅಂಚಿನಂತೆ ತಾಗುತ್ತಿದ್ದು ತೂಕ ಮಾತ್ರ ಇಳಿದಿಲ್ಲ ಎಂದರೆ, ಕರಗಿದ ಮಾಂಸದ ಜಾಗವನ್ನು ಹೊಟ್ಟೆಯ ನೀರು ತುಂಬಿದೆ.

ಹೊಟ್ಟೆ ಊದಿದ್ದರೆ: ಕಬ್ಬಿಣ

ಸಾಫ್ಟ್‌ಬಿಲ್ ಸಾಕುವವರು ಎಲ್ಲಕ್ಕಿಂತ ಹೆಚ್ಚು ತಿಳಿದಿರಬೇಕಾದ ದೋಷ ಇದು. ಬೆಟ್ಟದ ಮೈನಾ, ಟೂಕನ್‌ಗಳಲ್ಲಿ ಇದು ಜಗತ್ತಿನಾದ್ಯಂತ ಕುಖ್ಯಾತ. ಕಾಡಿನ ಹಣ್ಣಿನಲ್ಲಿ ಕಬ್ಬಿಣ ಬಹಳ ಕಡಿಮೆ. ಹಾಗಾಗಿ ಸಿಕ್ಕಷ್ಟನ್ನೂ ಹೀರಿಕೊಳ್ಳುವ ಕರುಳು ಈ ಹಕ್ಕಿಗಳದು, ಹೆಚ್ಚಾದದ್ದನ್ನು ಹೊರಹಾಕುವ ದಾರಿ ಇಲ್ಲ. ಕಬ್ಬಿಣ ಹೆಚ್ಚಿರುವ ತಿಂಡಿ ವರ್ಷಗಟ್ಟಲೆ ತಿಂದರೆ ಅದೆಲ್ಲ ಲಿವರ್‌ನಲ್ಲಿ ಕೂರುತ್ತದೆ. ಲಿವರ್ ಊದಿ, ಗಟ್ಟಿಯಾಗಿ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಆ ನೀರು ಶ್ವಾಸಕೋಶಕ್ಕೆ ಕೂಡಿಕೊಂಡ ಗಾಳಿಚೀಲಗಳನ್ನು ಒತ್ತುವುದರಿಂದ ತೇಕು. ಶ್ವಾಸಕೋಶದ ರೋಗವೆಂದು ಹಬೆ ಕೊಟ್ಟು ಕಾಲ ಕಳೆಯುವುದು ಇಲ್ಲಿಯೇ.

ಗುರುತಿಸುವುದು ಹೀಗೆ. ಒಬ್ಬರು ಹಕ್ಕಿಯನ್ನು ತೆಳು ಟವೆಲಿನಲ್ಲಿ ನೆಟ್ಟಗೆ, ತಲೆ ಮೇಲಾಗಿ, ಎದೆ ಒತ್ತದೆ ಹಿಡಿಯಲಿ. ಇನ್ನೊಬ್ಬರು ಎದೆಮೂಳೆಯ ಕೆಳತುದಿ ಮತ್ತು ಹಿಕ್ಕೆಯ ದ್ವಾರದ ನಡುವಿನ ಗರಿಯನ್ನು ಒದ್ದೆ ಹತ್ತಿಯಿಂದ ಎರಡು ಬದಿಗೆ ಬೈತಲೆ ತೆಗೆದಂತೆ ಸರಿಸಲಿ. ಚೆನ್ನಾಗಿರುವ ಹಕ್ಕಿಯಲ್ಲಿ ಆ ಜಾಗ ಸಮತಟ್ಟು ಅಥವಾ ತುಸು ಒಳಸೇರಿರುತ್ತದೆ. ನೀರು ತುಂಬಿದ್ದರೆ ಚರ್ಮ ಬಿಗಿದು, ನೀರು ತುಂಬಿದ ಬಲೂನಿನಂತೆ ಹೊಳೆಯುತ್ತದೆ. ಕಿರುಬೆರಳ ತುದಿಯಿಂದ ತಾಗಿದರೆ ಜುಳುಜುಳು ಅಲುಗುತ್ತದೆ. ಅರ್ಧ ನಿಮಿಷಕ್ಕಿಂತ ಹೆಚ್ಚು ಹಿಡಿಯಬೇಡಿ. ಯಾವ ಕಾರಣಕ್ಕೂ ಹಕ್ಕಿಯನ್ನು ಬೆನ್ನ ಮೇಲೆ ಮಲಗಿಸಬೇಡಿ. ನೀರೆಲ್ಲ ಮುಂದಕ್ಕೆ ಹರಿದು ಉಸಿರಿನ ಜಾಗವನ್ನು ಮುಚ್ಚಿಬಿಡುತ್ತದೆ, ನಿಮ್ಮ ಕೈಯಲ್ಲೇ ಪ್ರಾಣ ಹೋಗುತ್ತದೆ.

ಊದಿದ ಹೊಟ್ಟೆಗೆ ಬೇರೆ ಕಾರಣವೂ ಇದೆ: ಮೊಟ್ಟೆ ಸಿಕ್ಕಿಕೊಂಡಿರುವುದು, ಗೆಡ್ಡೆ, ಹೃದಯದ ತೊಂದರೆ. ಬೇರ್ಪಡಿಸುವುದು ಎಕ್ಸ್‌ರೇ. ಕಬ್ಬಿಣದ್ದೇ ಎಂದು ಖಚಿತಪಡಿಸುವುದು ಲಿವರ್‌ನ ಚೂರು ತೆಗೆದು ನೋಡುವ ಪರೀಕ್ಷೆ. ರಕ್ತದಲ್ಲಿರುವ ಕಬ್ಬಿಣದ ಅಂಕಿ ನಂಬುವಂಥದ್ದಲ್ಲ. ಡಾಕ್ಟರು ಸೂಜಿ ಹಾಕಿ ನೀರು ತೆಗೆದರೆ ಉಸಿರಿಗೆ ಕೂಡಲೇ ನೆಮ್ಮದಿ ಸಿಗುತ್ತದೆ. ಮೂಲದ ಚಿಕಿತ್ಸೆ ವಾರಕ್ಕೊಮ್ಮೆ ಅಳೆದು ಸ್ವಲ್ಪ ರಕ್ತ ತೆಗೆಯುವುದು, ಇಲ್ಲವೇ ಕಬ್ಬಿಣವನ್ನು ಹಿಡಿದು ಹೊರತರುವ ಡೆಫೆರಾಕ್ಸಮಿನ್ ಇಂಜೆಕ್ಷನ್. ತಿಂಗಳುಗಟ್ಟಲೆ ನಡೆಯುತ್ತದೆ. ಆದರೆ ತಟ್ಟೆ ಬದಲಾಗದಿದ್ದರೆ ಯಾವುದೂ ನಿಲ್ಲುವುದಿಲ್ಲ.

ತಟ್ಟೆಯ ಲೆಕ್ಕ ನೋಡಿ. ತಿಂಡಿಯ ಚೀಲದ ಮೇಲೆ ಕಬ್ಬಿಣವನ್ನು ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು ಬರೆದಿರುತ್ತಾರೆ, ಪಿಪಿಎಂ ಎಂದರೂ ಅದೇ. 100 ದಾಟಿದ್ದನ್ನು ಮೈನಾಗೆ ಹಾಕಬೇಡಿ, 50ರ ಆಸುಪಾಸು ಇದ್ದರೆ ಒಳ್ಳೆಯದು. ನಾಯಿಯ ಪೆಲೆಟ್ (ಒಣ ಗುಳಿಗೆ ತಿಂಡಿ) ಚೀಲದ ಮೇಲೆ 200 ಎಂದಿದೆ ಎನ್ನಿ. ಅದರ ಹತ್ತು ಗ್ರಾಂನಲ್ಲಿ 2 ಮಿಲಿಗ್ರಾಂ ಕಬ್ಬಿಣ. ಹತ್ತು ಗ್ರಾಂ ಪಪ್ಪಾಯಿಯಲ್ಲಿ ಒಂದು ಮಿಲಿಗ್ರಾಂನ ನಲವತ್ತನೇ ಒಂದು ಭಾಗ. ಪಪ್ಪಾಯಿಯ ನೀರನ್ನೆಲ್ಲ ಕಳೆದು ಒಣಗಿದ ತೂಕದಲ್ಲಿ ಲೆಕ್ಕ ಹಾಕಿದರೂ ಅದು ಕಿಲೋಗೆ ಸುಮಾರು 20 ಮಿಲಿಗ್ರಾಂ. ಮೈನಾಗೆ ನಾಯಿ ತಿಂಡಿ ನೆನೆಸಿ ಹಾಕುವುದು ನಮ್ಮಲ್ಲಿ ಹಳೆಯ ಚಾಳಿ. ಹಕ್ಕಿ ಆಸೆಯಿಂದ ತಿನ್ನುತ್ತದೆ, ದುಂಡಗಾಗುತ್ತದೆ, ಕೆಲವು ವರ್ಷದ ಮೇಲೆ ಒಂದು ದಿನ ತೇಕುತ್ತದೆ. ಕೋಳಿಮರಿ ಆಹಾರ, ಕೋಳಿ ಲಿವರ್, ಮಕ್ಕಳ ಕಬ್ಬಿಣ ಬೆರೆಸಿದ ಸೀರಿಯಲ್, ರಕ್ತ ಹೆಚ್ಚಿಸುವ ಟಾನಿಕ್ಕುಗಳೂ ಇದೇ ಸಾಲಿನವು. ಹುರಿಗಡಲೆ ಹಿಟ್ಟಿನ ಉಂಡೆಯಲ್ಲೂ ಕಬ್ಬಿಣ ಕಡಿಮೆಯಿಲ್ಲ. ಕಡಲೆಯನ್ನು ಕಬ್ಬಿಣದ ಬಾಣಲೆಯಲ್ಲಿ ಹುರಿದಿದ್ದರೆ ಇನ್ನಷ್ಟು ಸೇರುತ್ತದೆ. ತುಕ್ಕು ಹಿಡಿದ ನೀರಿನ ಬಟ್ಟಲನ್ನು ಇವತ್ತೇ ಬಿಸಾಡಿ, ಸ್ಟೀಲು ಅಥವಾ ಪಿಂಗಾಣಿ ಇಡಿ.

ಎರಡನೆಯದು ಸಿ ಜೀವಸತ್ವ. ಇದು ಕಬ್ಬಿಣ ಹೀರಿಕೊಳ್ಳುವುದನ್ನು ಹೆಚ್ಚಿಸುತ್ತದೆ. ನೆಲ್ಲಿ, ಸೀಬೆ, ಕಿತ್ತಳೆ, ಮೋಸಂಬಿ, ಅನಾನಸ್ ಬೇಡ. ಪಪ್ಪಾಯಿಯಲ್ಲೂ ಸಿ ಇದೆ. ಅದರಲ್ಲಿರುವ ಎ ಜೀವಸತ್ವದ ಅಂಶ ಬೇಕೇ ಬೇಕಾದ್ದರಿಂದ ಬಿಡುವಂತಿಲ್ಲ, ಪೆಲೆಟ್ ಜೊತೆ ಕಲಸದೆ ಬೇರೆ ಹೊತ್ತಿಗೆ ಕೊಡಿ. ಪೆಲೆಟ್ ಜೊತೆಗೆ ಬಾಳೆಹಣ್ಣು, ಸೇಬು, ಪಿಯರ್ ಹಣ್ಣು (ಮರಾಠಿಯವರು ಪೇರೂ ಎನ್ನುವ ಸೀಬೆಯಲ್ಲ) ಹೊಂದುತ್ತವೆ. ದಿನದ ತಟ್ಟೆಯಲ್ಲಿ ಅರ್ಧ ಹಣ್ಣು, ಮೂರರಲ್ಲಿ ಒಂದು ಪಾಲು ಕಡಿಮೆ ಕಬ್ಬಿಣದ ಸಾಫ್ಟ್‌ಬಿಲ್ ಪೆಲೆಟ್, ಉಳಿದದ್ದು ಹುಳ, ಮಿಡತೆ. ಈ ಅಳತೆ ಮೈನಾ, ಸ್ಟಾರ್ಲಿಂಗ್‌ಗೆ. ಟೂಕನ್‌ಗೆ ಹಣ್ಣು ಇನ್ನೂ ಹೆಚ್ಚಿರಲಿ. ಹಾಲಿಲ್ಲದ ಕಪ್ಪು ಚಹಾದ ಒಗರು ಕಬ್ಬಿಣವನ್ನು ಹಿಡಿಯುತ್ತದೆ ನಿಜ. ಆದರೆ ಅದರಲ್ಲಿ ಕೆಫೀನೂ ಇದೆ, ಡಾಕ್ಟರು ಹೇಳದೆ ಹಾಕಬೇಡಿ.

ಹೊಟ್ಟೆ ಊದಿಲ್ಲ, ದನಿ ಹೋಗಿದೆ: ಬೂಷ್ಟು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿ, ಗೋವಾ ಮನೆಗಳ ಗೋಡೆಯೇ ಬೆವರುತ್ತದೆ. ಚಪ್ಪಲಿಯ ಮೇಲೆ ಬೂಷ್ಟು ಬರುವ ಕೋಣೆಯಲ್ಲಿ ಹಕ್ಕಿಯ ಗಾಳಿಚೀಲಕ್ಕೂ ಅದು ಬಂದೀತು. ಆಸ್ಪರ್‌ಜಿಲಸ್ ಎಂಬ ಬೂಷ್ಟಿನ ಬೀಜಕಗಳು ಗಾಳಿಯಲ್ಲಿ ಸದಾ ಇರುತ್ತವೆ. ತೌಡು, ಹೊಟ್ಟು, ತೆಂಗಿನ ನಾರು, ಹುಲ್ಲನ್ನು ಪಂಜರದ ತಳಕ್ಕೆ ಹಾಸಿ, ಅದರ ಮೇಲೆ ಹಣ್ಣಿನ ರಸವೂ ನೀರು ಹಿಕ್ಕೆಯೂ ಬಿದ್ದರೆ ಅದು ಬೂಷ್ಟಿನ ತೋಟ. ಮೊದಲ ಗುರುತು ದನಿ: ಒಡೆಯುತ್ತದೆ, ಕೀರಲಾಗುತ್ತದೆ, ಮಾತಾಡುವ ಹಕ್ಕಿ ಮೌನವಾಗುತ್ತದೆ. ಆಮೇಲೆ ವಾರಗಳ ಕಾಲ ತೂಕ ಇಳಿಯುತ್ತದೆ. ತೇಕು ಕೊನೆಗೆ ಬರುತ್ತದೆ, ಬಂದಾಗ ತಡವಾಗಿರುತ್ತದೆ. ದನಿ ಬದಲಾದ ವಾರದಲ್ಲೇ ಡಾಕ್ಟರಿಗೆ ತೋರಿಸಿ. ಆಂಟಿಬಯಾಟಿಕ್‌ನಿಂದ ಬೂಷ್ಟು ಸಾಯುವುದಿಲ್ಲ. ಸ್ಟಿರಾಯ್ಡ್ ಕೊಟ್ಟರೆ ಹೊತ್ತಿ ಉರಿಯುತ್ತದೆ.

ತಡೆಯುವುದು ಸರಳ. ತಳಕ್ಕೆ ದಿನಪತ್ರಿಕೆ ಹಾಸಿ, ಮಳೆಗಾಲದಲ್ಲಿ ದಿನಕ್ಕೆ ಎರಡು ಸಲ ಬದಲಿಸಿ. ಕೊಯ್ದ ಹಣ್ಣು ಎರಡು ಗಂಟೆಗಿಂತ ಹೆಚ್ಚು ತಟ್ಟೆಯಲ್ಲಿರಬಾರದು. ಕೋಣೆಯಲ್ಲಿ ತೇವಾಂಶದ ಮೀಟರ್ ಇರಲಿ, ಶೇಕಡಾ 70 ದಾಟಿದರೆ ಕಿಟಕಿಯ ಎದುರುಬದುರು ಗಾಳಿ ಅಥವಾ ತೇವ ಹೀರುವ ಡಿಹ್ಯುಮಿಡಿಫೈಯರ್ ಯಂತ್ರ. ವಾರಕ್ಕೊಮ್ಮೆ ಹಕ್ಕಿಯನ್ನು ಬೇರೆ ಕೋಣೆಗೆ ಸಾಗಿಸಿ, ಲೀಟರ್ ನೀರಿಗೆ 30 ಮಿಲಿ ಬ್ಲೀಚ್ ಬೆರೆಸಿ ಪಂಜರ ತೊಳೆದು, ಹತ್ತು ನಿಮಿಷ ಬಿಟ್ಟು, ವಾಸನೆ ಹೋಗುವವರೆಗೆ ಜಾಲಾಡಿ ಬಿಸಿಲಿಗೆ ಒಣಗಿಸಿ. ಬ್ಲೀಚಿಗೆ ಟಾಯ್ಲೆಟ್ ಕ್ಲೀನರ್ ಸೇರಿಸಲೇಬೇಡಿ, ವಿಷಗಾಳಿ ಏಳುತ್ತದೆ.

ಬೆಳಿಗ್ಗೆ ಚೆನ್ನಾಗಿತ್ತು, ಮಧ್ಯಾಹ್ನ ಬಿದ್ದಿದೆ: ಹೊಗೆ

ಒಂದಕ್ಕಿಂತ ಹೆಚ್ಚು ಹಕ್ಕಿಗಳು ಒಟ್ಟಿಗೆ ತೇಕಿದರೆ ಮೊದಲು ಕಿಟಕಿ ತೆಗೆಯಿರಿ, ಆಮೇಲೆ ಯೋಚಿಸಿ. ನಾನ್‌ಸ್ಟಿಕ್ ತವಾ ಒಲೆಯ ಮೇಲೆ ಮರೆತು ಕಾದರೆ ಅದರ ಲೇಪದಿಂದ ಏಳುವ ಹೊಗೆ ಹಕ್ಕಿಗಳನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ, ನಮಗೆ ವಾಸನೆಯೂ ತಿಳಿಯದಿರಬಹುದು. ಒಂದು ಕೋಣೆ, ಅಡುಗೆಮನೆಯ ಚಾಳಿನ ಮನೆಯಲ್ಲಿ ಒಲೆಗೂ ಪಂಜರಕ್ಕೂ ನಡುವೆ ಗೋಡೆಯೇ ಇರುವುದಿಲ್ಲ. ಅಂಥಲ್ಲಿ ಕಬ್ಬಿಣದ ಕಾವಲಿಯನ್ನೇ ಬಳಸಿ. ಸೊಸೈಟಿಯ ಜಿರಳೆ ಔಷಧಿ, ಸೊಳ್ಳೆ ಕಾಯಿಲ್, ಧೂಪ, ಹೊಸ ಪೇಂಟು, ದೀಪಾವಳಿಯ ಪಟಾಕಿ ಹೊಗೆಯೂ ಅಪಾಯವೇ. ಔಷಧಿ ಹೊಡೆಯುವ ದಿನ ಹಕ್ಕಿ ಬೇರೆ ಮನೆಯಲ್ಲಿರಲಿ.

ಕತ್ತು ಚಾಚಿ ಆಕಳಿಸುತ್ತಿದ್ದರೆ: ಗಂಟಲ ಹುಳ

ಮಳೆಗಾಲದಲ್ಲಿ ಕುಂಡದ ಎರೆಹುಳ ಹಿಡಿದು ಹಾಕುವವರ ಹಕ್ಕಿಗೆ ಇದು ಬರುತ್ತದೆ. ಶ್ವಾಸನಾಳದಲ್ಲಿ ಕೆಂಪು ಹುಳಗಳು ಅಂಟಿ, ಹಕ್ಕಿ ಕತ್ತು ಮುಂದೆ ಚಾಚಿ ಬಾಯಿ ಅಗಲಿಸುತ್ತದೆ, ತಲೆ ಕೊಡವುತ್ತದೆ, ಕೆಮ್ಮುತ್ತದೆ. ಕತ್ತಲೆ ಕೋಣೆಯಲ್ಲಿ ಕತ್ತಿನ ಗರಿಯನ್ನು ಒದ್ದೆ ಮಾಡಿ ಸರಿಸಿ, ಹಿಂದಿನಿಂದ ಸಣ್ಣ ಟಾರ್ಚ್ ಹಿಡಿದರೆ ತೆಳು ಚರ್ಮದೊಳಗೆ ಕಪ್ಪು ಎಳೆಗಳು ಕಾಣಬಹುದು. ಹಿಕ್ಕೆಯ ಪರೀಕ್ಷೆಯಲ್ಲಿ ಮೊಟ್ಟೆ ಸಿಗುತ್ತದೆ. ಔಷಧಿಯ ಅಳತೆ ತೂಕದ ಮೇಲೆ, ಡಾಕ್ಟರೇ ಹೇಳಬೇಕು. ಎರೆಹುಳ ನಿಲ್ಲಿಸಿ.

ಹಿಕ್ಕೆ ನೀರಾಗಿದ್ದರೆ

ಗಿಳಿ ಸಾಕಿ ಮೈನಾಗೆ ಬಂದವರು ಗಾಬರಿಯಾಗುವುದು ಇಲ್ಲೇ. ಮೈನಾದ ಹಿಕ್ಕೆ ಸ್ವಭಾವತಃ ಮೆತ್ತಗೆ. ಪಪ್ಪಾಯಿ ತಿಂದರೆ ಕಿತ್ತಳೆ, ಕಪ್ಪು ದ್ರಾಕ್ಷಿ ತಿಂದರೆ ನೇರಳೆ, ಬೀಟ್‌ರೂಟ್ ತಿಂದರೆ ರಕ್ತದಂತೆ. ಬೆಳಿಗ್ಗೆ ಮೂರು ಗಂಟೆಗಳ ಕಾಲ ಹಣ್ಣು ನಿಲ್ಲಿಸಿ ಪೆಲೆಟ್ ಮತ್ತು ಹುಳ ಮಾತ್ರ ಕೊಟ್ಟು, ತಳಕ್ಕೆ ಬಿಳಿ ಕಾಗದ ಹಾಸಿ. ಹಿಕ್ಕೆ ಕಂದು ಎಳೆ, ಬಿಳಿ ಸುಣ್ಣ, ಸುತ್ತ ಸ್ವಲ್ಪ ನೀರು ಎಂದು ಮೂರಾಗಿ ಬಿಡಿಸಿ ಕಂಡರೆ ದೋಷವಿಲ್ಲ. ಹಣ್ಣಿಲ್ಲದೆಯೂ ಎಳೆ ಕರಗಿ ಗಂಜಿಯಾಗಿದ್ದರೆ ಅದು ಭೇದಿ. ಬಿಳಿಯ ಬದಲು ಗಿಳಿಹಸಿರು ಬಂದರೆ ಲಿವರ್ ನೋಯುತ್ತಿದೆ. ಚಿಕ್ಕ, ಅಂಟು, ಕಡುಹಸಿರು ಹಿಕ್ಕೆ ಎಂದರೆ ಹೊಟ್ಟೆಗೆ ಏನೂ ಹೋಗಿಲ್ಲ, ತಟ್ಟೆ ಕೆದರಿ ತಿಂದಂತೆ ಕಂಡರೂ. ನವಣೆ ಕಾಳು ಇಡಿಯಾಗಿ ಹೊರಬಂದರೆ ತಿಂಡಿಯೇ ತಪ್ಪು, ಕಾಳು ಸುಲಿಯುವ ಕೊಕ್ಕು ಇದಲ್ಲ.

ಭೇದಿಯಿದ್ದರೆ ಕಾಕ್ಸಿಡಿಯಾ ಪರೀಕ್ಷೆ ಮಾಡಿಸಿ. ಮೈನಾ ಸೇರಿದ ಹಾಡುಹಕ್ಕಿಗಳಲ್ಲಿ ಕರುಳಿನ ಈ ಸೂಕ್ಷ್ಮಜೀವಿಯ ಮೊಟ್ಟೆಗಳು ಹೆಚ್ಚಾಗಿ ಬೀಳುವುದು ಇಳಿಹೊತ್ತಿಗೆ. ಬೆಳಗಿನ ಹಿಕ್ಕೆ ಕೊಟ್ಟು ಏನೂ ಇಲ್ಲ ಎಂಬ ವರದಿ ತಂದವರು ಮತ್ತೊಮ್ಮೆ ಸಂಜೆ ನಾಲ್ಕರ ಮೇಲಿನದನ್ನು ಕೊಡಬೇಕು. ಕಾಗದ ನೀರು ಹೀರುತ್ತದೆ, ಆದ್ದರಿಂದ ಪ್ಲಾಸ್ಟಿಕ್ ಹಾಳೆಯ ಮೇಲೆ ಹಿಡಿದು, ಸಣ್ಣ ಡಬ್ಬಿಗೆ ಹಾಕಿ, ಒಂದೆರಡು ಹನಿ ಸಲೈನ್ ಸೇರಿಸಿ ಒಯ್ಯಿರಿ.

ವಾಂತಿ, ಕಾಲು ಸೋಲು, ಹಸಿರು ನೀರು ಮೂರೂ ಸೇರಿದ್ದು ಪಂಜರ ಹೊಸದಾಗಿದ್ದರೆ ಜಾಳಿಗೆಯ ಸತುವನ್ನು ಸಂಶಯಿಸಿ. ಹೊಸ ಜಿಐ (ಸತು ಲೇಪಿಸಿದ ಕಬ್ಬಿಣದ) ಜಾಳಿಯ ಮೇಲಿನ ಬಿಳಿ ಪುಡಿ ವಿಷ. ವಿನೆಗರ್ ಹಚ್ಚಿ ಬ್ರಷ್ಷಿನಿಂದ ಉಜ್ಜಿ, ತೊಳೆದು, ಒಣಗಿಸದೆ ಹಕ್ಕಿ ಬಿಡಬಾರದು.

ಕಾಲು, ಗರಿಯ ದೋಷಗಳಿಗೆ ಅವಸರವಿಲ್ಲ. ಅಂಗಾಲು ಕೆಂಪಾಗಿ ನುಣ್ಣಗಾಗಿದ್ದರೆ ಒಂದೇ ದಪ್ಪದ ನಯ ಕಡ್ಡಿಯನ್ನು ತೆಗೆದು, 12ರಿಂದ 20 ಮಿಲಿಮೀಟರ್ ದಪ್ಪದ, ಸೊಟ್ಟಪಟ್ಟ ಸೀಬೆ ಅಥವಾ ಬೇವಿನ ರೆಂಬೆ ಕಟ್ಟಿ. ಗರಿ ಒಣಗಿ ಸೀಳಿದ್ದರೆ ಮೂರು ಸೆಂಟಿಮೀಟರ್ ನೀರಿನ ಅಗಲ ಬಟ್ಟಲು ದಿನಾ ಬೇಕು.

ಗೂಡಿನಿಂದ ಬಿದ್ದ ಮರಿ

ಗ್ರಿಲ್ಲು, ಎಸಿಯ ತೂತಿನಲ್ಲಿ ಗೂಡು ಕಟ್ಟುವ ಗೊರವಂಕದ ಮರಿ ನಿಮ್ಮ ಬಾಲ್ಕನಿಗೆ ಬಿದ್ದರೆ, ಗರಿ ಬಂದು ಕುಪ್ಪಳಿಸುತ್ತಿದೆಯೇ ನೋಡಿ. ಹೌದಾದರೆ ಬುಟ್ಟಿಯಲ್ಲಿಟ್ಟು ಬೆಕ್ಕಿಗೆ ಸಿಗದ ಎತ್ತರದಲ್ಲಿ ಬಿಡಿ, ತಾಯ್ತಂದೆ ಬಂದು ತಿನ್ನಿಸುತ್ತವೆ. ಬೆತ್ತಲೆ ಮರಿಯಾದರೆ ಮೊದಲು ಶಾಖ, ಆಮೇಲೆ ತುತ್ತು. ತಣ್ಣಗಿರುವ ಮರಿಯ ಹೊಟ್ಟೆ ಏನನ್ನೂ ಅರಗಿಸುವುದಿಲ್ಲ. ಹಾಲು, ಬ್ರೆಡ್ ಹಾಕಬೇಡಿ, ಹಾಲಿನ ಸಕ್ಕರೆ ಹಕ್ಕಿಗೆ ಜೀರ್ಣವಾಗದು. ಬಾಯಿಗೆ ನೀರು ಹನಿಸಬೇಡಿ, ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿದೆ. ಟಿಶ್ಯೂ ಸುತ್ತಿದ ಕಪ್ಪಿನಲ್ಲಿ ಕಾಲು ಮೈಯಡಿ ಮಡಿಸಿ ಕೂರಿಸಿ, ಚಪ್ಪಟೆ ಡಬ್ಬಿಯಲ್ಲಿ ಬಿಟ್ಟರೆ ಕಾಲು ಜಾರಿ ಅಡ್ಡಗಾಲಾಗುತ್ತದೆ. 1926ಕ್ಕೆ ಕರೆಮಾಡಿ ಒಪ್ಪಿಸಿ.

ಡಾಕ್ಟರ ಬಳಿ ಒಯ್ಯುವಾಗ

ಮುಂಬಯಿಯಲ್ಲಿ ಪರೇಲಿನ ಬಾಯಿ ಸಾಕರಬಾಯಿ ಪ್ರಾಣಿ ಆಸ್ಪತ್ರೆ ಹಕ್ಕಿಗಳನ್ನೂ ನೋಡುತ್ತದೆ. ಎಲ್ಲೇ ಹೋಗಲಿ, ಹಕ್ಕಿಯ ಡಾಕ್ಟರು ಇದ್ದಾರೆಯೇ ಎಂದು ಫೋನಿನಲ್ಲಿ ಕೇಳಿಕೊಂಡು ಹೊರಡಿ. ಶೂ ಡಬ್ಬಿಗೆ ಬದಿಯಲ್ಲಿ ಹತ್ತು ಹನ್ನೆರಡು ತೂತು ಮಾಡಿ, ತಳಕ್ಕೆ ಟವೆಲ್ ಹಾಸಿ, ಕತ್ತಲಾಗಿಸಿ. ನೀರಿನ ಬಟ್ಟಲು ಬೇಡ, ಒಂದು ಚೂರು ಬಾಳೆಹಣ್ಣು ಸಾಕು. ಗರಿಯುಬ್ಬಿಸಿ ನಡುಗುವ ಹಕ್ಕಿಗೆ 30 ಡಿಗ್ರಿಯಷ್ಟು ಬೆಚ್ಚಗಿರಲಿ, ತೇಕುವ ಹಕ್ಕಿಗೆ ಶಾಖ ಹೆಚ್ಚಿಸಬೇಡಿ. ಬೆಳಗಿನ ಲೋಕಲ್ ರೈಲಿನ ನೂಕಿನಲ್ಲಿ ಒಯ್ಯುವುದಕ್ಕಿಂತ ಹನ್ನೊಂದರ ಮೇಲೆ ಹೊರಡುವುದು ಲೇಸು. ಉಸಿರು ಬಹಳ ಹೆಣಗುತ್ತಿದ್ದರೆ ಮಾತ್ರ ಕಾಯದೆ ಟ್ಯಾಕ್ಸಿ ಹಿಡಿಯಿರಿ. ಜೊತೆಗೆ ತೂಕದ ಪಟ್ಟಿ, ಹಿಕ್ಕೆಯ ಡಬ್ಬಿ, ತಿಂಡಿ ಚೀಲದ ಹಿಂಬದಿಯ ಫೋಟೋ, ತೇಕುವಾಗ ಬಾಲ ಆಡಿದ ಅರ್ಧ ನಿಮಿಷದ ವಿಡಿಯೋ ಇರಲಿ. ಆಸ್ಪತ್ರೆಯ ಗಾಬರಿಯಲ್ಲಿ ಹಕ್ಕಿ ಗರಿ ಬಿಗಿದು ನೆಟ್ಟಗೆ ಕೂತು ಏನೂ ಆಗದಂತೆ ತೋರಿಸಿಕೊಳ್ಳುತ್ತದೆ, ಆಗ ಆ ವಿಡಿಯೋ ಬೇಕಾಗುತ್ತದೆ.